ಹೃದಯದ ಕಿರುಚೀಲ ಮುಚ್ಚಿದ ಮೇಲೂ ಹೆಪ್ಪುಗಟ್ಟೀತೇ?

ಏಟ್ರಿಯಲ್ ಫಿಬ್ರಿಲೇಷನ್ ಇರುವವರ ಹೃತ್ಕರ್ಣಗಳು ಲಯ ತಪ್ಪಿ ಬರೀ ಅದುರುತ್ತವೆ. ಆಗ ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಹೆಬ್ಬೆರಳ ಗಾತ್ರದ ಕಿರುಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮಿದುಳು ಸೇರಿದರೆ ಪಾರ್ಶ್ವವಾಯು. ಕವಾಟದ ಕಾಯಿಲೆ ಇಲ್ಲದ ಇಂಥ ರೋಗಿಗಳಲ್ಲಿ ಹೃತ್ಕರ್ಣದ ಹೆಪ್ಪುಗಳ ಪೈಕಿ ಸುಮಾರು ಶೇ. 90ರಷ್ಟು ಸಿಗುವುದು ಈ ಚೀಲದಲ್ಲೇ. ತೊಡೆಸಂದಿನ ಅಭಿಧಮನಿಯ ಮೂಲಕ ಸಾಗಿಸಿ ಚೀಲದ ಬಾಯಿ ಮುಚ್ಚುವ ‘ವಾಚ್‌ಮನ್’ ಸಾಧನಕ್ಕೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ರಕ್ತ ತೆಳುವಾಗಿಸುವ ಮಾತ್ರೆಯನ್ನು ದೀರ್ಘಕಾಲ ತಾಳಲಾಗದವರಿಗೆ ಇದು ದೊಡ್ಡ ಆಸರೆ.

ಸಾಧನ ಕೂರಿಸಿದ ದಿನವೇ ಮಾತ್ರೆಗಳನ್ನೆಲ್ಲ ಬಿಡಬಹುದು ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯಕಾರಿ. ನಿಟಿನಾಲ್ ತಂತಿಯ ಚೌಕಟ್ಟು, ಅದರ ಮೇಲಿನ ಪಾಲಿಯೆಸ್ಟರ್ ಪೊರೆ, ನಡುವಿನ ಲೋಹದ ಗುಬಟು ಇವೆಲ್ಲ ರಕ್ತಕ್ಕೆ ಪರಕೀಯ. ಹೃದಯದ ಒಳಪದರ ಬೆಳೆದು ಇವನ್ನು ಹೊದಿಸುವ ತನಕ ಸಾಧನದ ಮೇಲೆಯೇ ಹೆಪ್ಪುಗಟ್ಟಬಹುದು. ಈ ಒಳಪದರ ಬೆಳೆಯಲು ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಆದ್ದರಿಂದಲೇ ಮೊದಲ ಪ್ರಯೋಗಗಳಲ್ಲಿ 45 ದಿನ ರಕ್ತ ತೆಳುವಾಗಿಸುವ ವಾರ್ಫರಿನ್ ಮತ್ತು ಆಸ್ಪಿರಿನ್, ಆಮೇಲೆ ಆರು ತಿಂಗಳು ತುಂಬುವವರೆಗೆ ಕ್ಲೊಪಿಡೊಗ್ರೆಲ್ ಮತ್ತು ಆಸ್ಪಿರಿನ್, ನಂತರ ಆಸ್ಪಿರಿನ್ ಒಂದೇ ಎಂಬ ಕ್ರಮವಿತ್ತು. ಈಗ ರಕ್ತಸ್ರಾವದ ಭಯ ಎಷ್ಟಿದೆ ಎಂಬುದನ್ನು ನೋಡಿ ವೈದ್ಯರು ಇದನ್ನು ಬದಲಿಸುತ್ತಾರೆ. ರೋಗಿ ತಾನಾಗಿ ಬದಲಿಸುವಂತಿಲ್ಲ.

ಹಾಗೆಂದು ಸಾಧನವೇ ಹೆಪ್ಪಿನ ಮೂಲ ಎಂದು ಹೆದರುವುದೂ ಸರಿಯಲ್ಲ. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ 1739 ಮಂದಿಯ ಪೈಕಿ 65 ಮಂದಿಯಲ್ಲಿ, ಅಂದರೆ ಶೇ. 3.7ರಷ್ಟು ಜನರಲ್ಲಿ, ಸಾಧನದ ಮೇಲೆ ಹೆಪ್ಪು ಕಂಡಿತು. ಅಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಹಿಂದೆ ಪಾರ್ಶ್ವವಾಯು ಆದವರು, ಸದಾಕಾಲ ಫಿಬ್ರಿಲೇಷನ್ ಇರುವವರು ಮತ್ತು ದುರ್ಬಲ ಹೃದಯದವರು ಹೆಚ್ಚು ಎಚ್ಚರದಿಂದಿರಬೇಕು.

ಹೆಪ್ಪಾದರೆ ಎದೆನೋವು ಬಂದೇ ಬರುತ್ತದೆ ಎನ್ನುವುದೂ ಸುಳ್ಳು. ಅದು ಸದ್ದಿಲ್ಲದೆ ಕೂತಿರುತ್ತದೆ. ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೋದಲ್ಲಿ ಕಾಣದೇ ಹೋಗಬಹುದು. ಅನ್ನನಾಳದ ಮೂಲಕ ಮಾಡುವ ಎಕೋ ಅಥವಾ ಹೃದಯದ ಸಿಟಿ ಸ್ಕ್ಯಾನ್ ಬೇಕು. ಆರಾಮಾಗಿದ್ದೇನೆಂದು ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು. ಹೆಪ್ಪು ಕಂಡರೂ ಸಾಮಾನ್ಯವಾಗಿ ಸಾಧನ ತೆಗೆಯಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಮತ್ತೆ ಶುರುಮಾಡಿದರೆ ಬಹುಪಾಲು ಹೆಪ್ಪುಗಳು ಕರಗುತ್ತವೆ.

ಕತ್ತಿನ ರಕ್ತನಾಳದ ಕೊಬ್ಬಿನಿಂದಲೋ ಅಧಿಕ ರಕ್ತದೊತ್ತಡದಿಂದಲೋ ಬರುವ ಪಾರ್ಶ್ವವಾಯುವನ್ನು ಈ ಸಾಧನ ತಡೆಯದು. ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ಭಾರತದಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಅವರಲ್ಲಿ ಚೀಲದ ಹೊರಗೂ ಹೆಪ್ಪುಗಟ್ಟುವುದರಿಂದ ಈ ಸಾಧನ ಅವರಿಗಲ್ಲ. ಅವರಿಗೆ ವಾರ್ಫರಿನ್ ಮಾತ್ರೆಯೇ ರಕ್ಷಣೆ.