ಬಂಗಾರಪೇಟೆ ಬೋರ್ಡಿಗೆ ಬಾಲೂ ತಮ್ಮ

ಮಾರಿಕುಪ್ಪಂ, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ. ಬೋರ್ಡು ಬರೆಯುವವರನ್ನು ಸುಸ್ತು ಮಾಡಲು ಕೆಜಿಎಫ್ ಸುತ್ತಲಿನ ಈ ಹೆಸರುಗಳೇ ಸಾಕು. ಒಂದರಲ್ಲಿ ಕೆಳಕ್ಕಿಳಿಯುವ ಒತ್ತು, ಇನ್ನೊಂದರಲ್ಲಿ ಅರ್ಕಾವತ್ತು, ಮೂರನೆಯದು ಮುಗಿಯುವುದೇ ಇಲ್ಲ. ಚಿನ್ನದ ಗಣಿಗೆ ಬಂದ ತಮಿಳು, ತೆಲುಗು ಕುಟುಂಬಗಳು 2001ರಲ್ಲಿ ಗಣಿ ಮುಚ್ಚಿದ ಮೇಲೂ ಇಲ್ಲೇ ಉಳಿದಿವೆ. ಹಾಗಾಗಿ ಇಲ್ಲಿ ಎರಡು ಮೂರು ಲಿಪಿಗಳನ್ನು ಒಂದೇ ಹಲಗೆಯಲ್ಲಿ ಕೂರಿಸುವ ಕೆಲಸ ಬರುತ್ತಲೇ ಇರುತ್ತದೆ. ಆ ಕೆಲಸಕ್ಕೆ ತುದಿ ದುಂಡಾದ ದಪ್ಪಕ್ಷರದಷ್ಟು ಒಗ್ಗುವುದು ಬೇರೆ ಇಲ್ಲ ಎನ್ನುವುದು ನನ್ನ ವಾದ. ಕಾರಣ ಅದರ ಮುದ್ದು ಮುಖವಲ್ಲ, ಲಿಪಿಗಳ ತೂಕವನ್ನು ಅದು ಸಮ ಮಾಡುವ ರೀತಿ.

ಮುಂಬೈನ ಏಕ್ ಟೈಪ್ ಸಂಸ್ಥೆ 2016ರಲ್ಲಿ ಹೊರತಂದ ಬಾಲೂ ಅಕ್ಷರಕುಟುಂಬವನ್ನೇ ನೋಡಿ. ಕನ್ನಡಕ್ಕೆ ಬಾಲೂ ತಮ್ಮ, ತಮಿಳಿಗೆ ಬಾಲೂ ತಂಬಿ, ತೆಲುಗಿಗೆ ಬಾಲೂ ತಮ್ಮುಡು. ಮುಕ್ತ ಪರವಾನಗಿಯ ಫಾಂಟು. ಫ್ಲೆಕ್ಸ್ ಅಂಗಡಿಯವರು ಕಾಸು ಕೊಡಬೇಕಿಲ್ಲ. ಕನ್ನಡ ಮೊದಲೇ ದುಂಡು, ಅದನ್ನು ಇನ್ನೇನು ದುಂಡಗೆ ಮಾಡುವುದು ಎಂದು ಕೇಳಬಹುದು. ಇಲ್ಲಿ ದುಂಡಾಗಿರುವುದು ಅಕ್ಷರದ ಮೈಯಲ್ಲ, ಗೆರೆಯ ತುದಿ ಮತ್ತು ಮೂಲೆ. ತಮಿಳಿನ ‘ಪ’, ‘ಟ’ಗಳಲ್ಲಿ ನೇರ ಗೆರೆ, ಲಂಬ ಕೋನ, ಕನ್ನಡ, ತೆಲುಗುಗಳಲ್ಲಿ ಬರೀ ಬಳುಕು. ಒಂದರ ಆಕಾರಕ್ಕೆ ಇನ್ನೊಂದನ್ನು ಬಗ್ಗಿಸಿದರೆ ಎರಡೂ ಕೆಡುತ್ತವೆ. ಗೆರೆಯ ದಪ್ಪ ಮತ್ತು ತುದಿ ಹೊಂದಿದರೆ ಸಾಕು, ತಮಿಳು ತನ್ನ ಚೌಕದಲ್ಲೇ ಇರುತ್ತದೆ, ಕನ್ನಡ ತನ್ನ ತಲೆಕಟ್ಟಿನಲ್ಲೇ ಇರುತ್ತದೆ. ಕುಂಚದಿಂದ ಬರೆಯುತ್ತಿದ್ದ ಪೇಂಟರುಗಳ ಗೆರೆಯೂ ಎಷ್ಟೋ ಸಲ ದುಂಡಗೇ ನಿಲ್ಲುತ್ತಿತ್ತು. ಇದು ಕಣ್ಣಿಗೆ ತೀರಾ ಹೊಸದೇನಲ್ಲ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಿನ ಬಿಳಿ ಜಾಗ ಕರಗುತ್ತದೆ. ‘ದ’ಗೂ ‘ಧ’ಗೂ, ‘ಪ’ಗೂ ‘ಫ’ಗೂ ಇರುವ ವ್ಯತ್ಯಾಸ ತಳದ ಒಂದು ಸಣ್ಣ ಸೀಳು, ಚಿಕ್ಕ ಅಳತೆಯಲ್ಲಿ ಅದು ಮುಚ್ಚಿಹೋದರೆ ಓದುಗ ಸಂದರ್ಭ ನೋಡಿ ಊಹಿಸಬೇಕು. ಈ ಮಾತು ನಿಜವೇ. ಮೊದಲ ಬಾಲೂವಿನಲ್ಲಿ ಇದ್ದದ್ದು ಒಂದೇ ದಪ್ಪ. ಮುಂದಿನ ಆವೃತ್ತಿಯಲ್ಲಿ ಐದು ಬಂದವು, ಆಯ್ಕೆಗೆ ಜಾಗ ಸಿಕ್ಕಿತು. ಹಾಗಿದ್ದರೂ ಇದು ಪುಸ್ತಕದ ಒಳಪುಟಕ್ಕೆ ಹೇಳಿಸಿದ ಅಕ್ಷರವಲ್ಲ. ಮುಚ್ಚಿದ ಗಣಿಯ ಬಾವಿಯ ಬಳಿ ‘ಅಪಾಯ’ ಎಂದು ಬರೆಯಲೂ ನಾನು ಇದನ್ನು ಆರಿಸಲಾರೆ, ಆಟದ ದನಿ ಅಲ್ಲಿ ಸಲ್ಲದು. ಬಂಗಾರಪೇಟೆ ಪಾನಿಪುರಿಯ ಗಾಡಿಗೆ, ಶಿಶುವಿಹಾರದ ಗೋಡೆಗೆ ಸರಿಯಾಗಿ ಒಪ್ಪುತ್ತದೆ.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಜಾಗ ಸಿಕ್ಕಿತೆಂದು ಅದರ ತುಂಬ ಅಕ್ಷರ ಹಿಗ್ಗಿಸಿದರೆ ಓದಲು ಸುಲಭವಾಗುವುದಿಲ್ಲ. ತಮಿಳಿಗೆ ಕನ್ನಡದಂಥ ಒತ್ತಿನ ಕಾಟವಿಲ್ಲ. ‘ಕುಪ್ಪಂ’ನ ಒತ್ತಿಗೆ ಸಾಲಿನ ಕೆಳಗೆ ಜಾಗ ಬಿಡಲೇಬೇಕು. ‘ರಾಬರ್ಟ್‌ಸನ್‌ಪೇಟೆ’ ಹಲಗೆಗೆ ಹಿಡಿಸದಿದ್ದಾಗ ಕಂಪ್ಯೂಟರಿನಲ್ಲಿ ಅಡ್ಡಕ್ಕೆ ಅಮುಕುವುದು ಸುಲಭದ ದಾರಿ. ಅಮುಕಿದೊಡನೆ ನಿಂತ ಗೆರೆ ಸೊರಗುತ್ತದೆ, ಮಲಗಿದ ಗೆರೆ ದಪ್ಪವಾಗೇ ಉಳಿಯುತ್ತದೆ, ದುಂಡು ತುದಿ ಚಪ್ಪಟೆಯಾಗುತ್ತದೆ. ಅದರ ಬದಲು ಅಳತೆ ಒಂದಿಷ್ಟು ಇಳಿಸಿ ‘ಪೇಟೆ’ಯನ್ನು ಎರಡನೇ ಸಾಲಿಗೆ ತಂದರಾಯಿತು.