ಹಸ್ತಪ್ರತಿಯ ಸಂಪಾದನೆ ಮತ್ತು ಲೇಖಕರ ಹಕ್ಕುಗಳು

ಕಥೇತರ ಕೃತಿಗಳ ಲೇಖಕರು ಹಸ್ತಪ್ರತಿಯನ್ನು ಸಂಪಾದಕರಿಗೆ ಅಥವಾ ಬರವಣಿಗೆಯ ಮಾರ್ಗದರ್ಶಕರಿಗೆ ಒಪ್ಪಿಸಿದ ಮಾತ್ರಕ್ಕೆ ಕೃತಿಸ್ವಾಮ್ಯವು ವರ್ಗಾವಣೆಯಾಗುವುದಿಲ್ಲ. ಕೃತಿಸ್ವಾಮ್ಯ ಅಧಿನಿಯಮ, 1957ರ 19ನೇ ಪ್ರಕರಣದ ಮೇರೆಗೆ ವರ್ಗಾವಣೆಯು ಲಿಖಿತವಾಗಿದ್ದು, ಹಕ್ಕು ನೀಡುವವರ ಸಹಿಯನ್ನು ಹೊಂದಿರತಕ್ಕದ್ದು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದಲ್ಲಿ 5 ವರ್ಷಗಳೆಂದೂ, ಪ್ರದೇಶವನ್ನು ನಮೂದಿಸದಿದ್ದಲ್ಲಿ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುವುದು.

ಲೇಖಕರ ಗೌರವಕ್ಕೆ ಧಕ್ಕೆಯಾಗುವಂತೆ ಕೃತಿಯನ್ನು ವಿರೂಪಗೊಳಿಸಿದಲ್ಲಿ, ಹಕ್ಕು ವರ್ಗಾಯಿಸಿದ ನಂತರವೂ 57ನೇ ಪ್ರಕರಣದಡಿ ಪರಿಹಾರ ಕೋರಬಹುದು.

ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ; ಆದರೆ ವಿವಾದ ಉಂಟಾದಲ್ಲಿ ನೋಂದಣಿಯು ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಸಾಹಿತ್ಯ ಕೃತಿಗೆ ನಮೂನೆ 14ರಲ್ಲಿ, ರೂ. 500 ಶುಲ್ಕದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು.

ಲೇಖಕರು ಕೆಲಸದ ವ್ಯಾಪ್ತಿ, ಸಂಭಾವನೆ ಹಾಗೂ ಹೆಸರಿನ ಉಲ್ಲೇಖದ ಬಗ್ಗೆ ಮುಂಚಿತವಾಗಿ ಲಿಖಿತ ಕರಾರು ಮಾಡಿಕೊಂಡು, ತಿದ್ದುಪಡಿಗೆ ಮುನ್ನಿನ ಮೂಲಪ್ರತಿಯನ್ನು ದಿನಾಂಕ ಸಹಿತ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.