ನಕ್ಷೆಯ ಚಿತ್ರಗಳು: ಅಳಿಸುವುದೇ, ಉಳಿಸುವುದೇ?

ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೊಸಳೆ ‘ಬಬಿಯಾ’ ಅಸುನೀಗಿದ್ದು 2022ರ ಅಕ್ಟೋಬರಿನಲ್ಲಿ. ಗೂಗಲ್ ಮ್ಯಾಪ್ಸ್‌ನಲ್ಲಿ ಮಾತ್ರ ಅದಕ್ಕೆ ಸಾವಿಲ್ಲ. ಭಕ್ತರೂ ಪ್ರವಾಸಿಗರೂ ಸೇರಿಸಿದ ಅದರ ಚಿತ್ರಗಳನ್ನು ಕಂಡು ದೂರದಿಂದ ಹೊರಟು ಬರುವವರು ಇದ್ದರೆ ಆಶ್ಚರ್ಯವಿಲ್ಲ. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡ ಮೇಲಂತೂ ಯಾವ ಚಿತ್ರ ಯಾವುದರದ್ದು ಎಂಬುದನ್ನು ಹೇಳಲು ಚಿತ್ರದೊಂದಿಗೆ ತೋರುವ ತಿಂಗಳು, ವರ್ಷಗಳೇ ಆಧಾರ. ಹಾಗೆಂದು ಹಳೆಯ ಚಿತ್ರಗಳನ್ನು ಅಳಿಸಿಬಿಡಬೇಕೇ? ದಾರಿ ತೋರಿಸಲೆಂದು ಇಟ್ಟ ಚಿತ್ರವು ಕಾಲ ಸರಿದಂತೆ ದಾಖಲೆಯಾಗಿ ಮಾರ್ಪಡುವುದೇ ಇಲ್ಲಿನ ತೊಡಕು.

ಗೂಗಲ್ ಸಂಸ್ಥೆ 2015ರಲ್ಲಿ ‘ಲೋಕಲ್ ಗೈಡ್ಸ್’ ಯೋಜನೆಯನ್ನು ಆರಂಭಿಸಿದಂದಿನಿಂದ ನಕ್ಷೆಗೆ ಚಿತ್ರ ಸೇರಿಸುವವರಿಗೆ ಅಂಕಗಳು ದೊರೆಯುತ್ತಿವೆ. ಒಂದು ಚಿತ್ರಕ್ಕೆ 5 ಅಂಕ. ಅಂಕದ ಆಸೆಯೋ ಊರಿನ ಅಭಿಮಾನವೋ, ಅಂತೂ ಒಂದೇ ಗೋಪುರದ ಆರು ಚಿತ್ರ, ಅಲುಗಾಡಿದ ಕೈಯಲ್ಲಿ ತೆಗೆದ ಊಟದೆಲೆ, ಯಾರದೋ ಬೆನ್ನು, ಎಲ್ಲವೂ ನಕ್ಷೆಗೇರಿವೆ.

ಇವನ್ನು ಸವರುವ ಕೆಲಸ ಕಠಿಣವಲ್ಲ. ನಕ್ಷೆಯಲ್ಲಿ ತಮ್ಮ ಪ್ರೊಫೈಲ್ ತೆರೆದರೆ ಈವರೆಗೆ ಸೇರಿಸಿದ ಚಿತ್ರಗಳು ಒಟ್ಟಾಗಿ ಕಾಣುತ್ತವೆ. ಬೇಡವಾದುದನ್ನು ಅಲ್ಲಿಂದಲೇ ಅಳಿಸಬಹುದು. ಅನ್ಯರ ಚಿತ್ರವನ್ನು ಅಳಿಸುವ ಅಧಿಕಾರ ನಮಗಿಲ್ಲ. ಆಕ್ಷೇಪವಿದ್ದರೆ ಸಂಸ್ಥೆಗೆ ವರದಿ ಮಾಡಬಹುದು, ಅಷ್ಟೆ. ಮೊದಲು ತೆಗೆಯಬೇಕಾದವು ಮಕ್ಕಳ ಮುಖ, ಮನೆಯೊಳಗಿನ ಸಮಾರಂಭ ಹಾಗೂ ವಾಹನಗಳ ಸಂಖ್ಯೆ ಸ್ಪಷ್ಟವಾಗಿ ಕಾಣುವ ಚಿತ್ರಗಳು. ಬಳಿಕ ತಪ್ಪು ಸ್ಥಳಕ್ಕೆ ಅಂಟಿಕೊಂಡವು. ಮಂಜೇಶ್ವರದಲ್ಲಿ ಅನಂತೇಶ್ವರ, ಮಧೂರಿನಲ್ಲಿ ಮದನಂತೇಶ್ವರ. ಹೆಸರು ನೋಡಿ ಅವಸರದಲ್ಲಿ ಬೆರಳೊತ್ತುವವರಿಗೆ ಒಂದರ ಚಿತ್ರವನ್ನು ಇನ್ನೊಂದಕ್ಕೆ ಸೇರಿಸಲು ಎಷ್ಟು ಹೊತ್ತು?

ಇಷ್ಟರವರೆಗೆ ವಿವಾದವಿಲ್ಲ. ಹೆದ್ದಾರಿಯ ಬದಿಗೆ ಬಂದಾಗ ಕೈ ತಡೆಯುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡಾಗ ಇಕ್ಕೆಲದ ಅಂಗಡಿಗಳು, ಗೋಳಿ–ಮಾವಿನ ನೆರಳು, ಬಸ್ಸು ಕಾಯುವ ತಾಣಗಳು ಇಲ್ಲವಾದವು. ಅಲ್ಲಿನ ಹಳೆಯ ಚಿತ್ರವನ್ನು ನಂಬಿ ಅಂಗಡಿ ಹುಡುಕುವ ಅಪರಿಚಿತನಿಗೆ ಅದು ಅಡ್ಡದಾರಿ. ಆದರೆ ಅದೇ ಚಿತ್ರದ ಮೂಲೆಯಲ್ಲಿ ಅಂಗಡಿಯ ಕನ್ನಡ ನಾಮಫಲಕವೊಂದು, ಶಾಲೆಯ ದಾರಿ ತೋರಿಸುವ ಕನ್ನಡದ ಹಲಗೆಯೊಂದು ಉಳಿದಿರಬಹುದು. ಹಳೆಯ ಹಲಗೆ ಹೋದಲ್ಲಿ ಹೊಸತು ಬರುತ್ತದೆ. ಅದು ಕನ್ನಡದಲ್ಲಿಯೇ ಬರುತ್ತದೆಂಬ ಭರವಸೆ ಎಲ್ಲೆಡೆ ಇಲ್ಲ. ಕಾಸರಗೋಡಿನ ಕನ್ನಡ ಸ್ಥಳನಾಮಗಳು ಮಲೆಯಾಳೀಕರಣಗೊಳ್ಳುತ್ತಿವೆ ಎಂಬ ದೂರು 2021ರಲ್ಲಿ ಎರಡೂ ರಾಜ್ಯಗಳಲ್ಲಿ ಚರ್ಚೆಗೆ ಗ್ರಾಸವಾದುದನ್ನು ಓದುಗರು ಮರೆತಿರಲಾರರು. ಊರಿನ ಹೆಸರು ಕನ್ನಡದಲ್ಲಿ ಹೇಗೆ ಬರೆಯಲ್ಪಟ್ಟಿತ್ತು ಎಂಬುದಕ್ಕೆ ಸರಕಾರಿ ಕಡತದಷ್ಟೇ ಅಂಗಡಿಯ ಫಲಕವೂ ಸಾಕ್ಷಿ. ಮಸುಕಾಗಿದೆ ಎಂಬ ಕಾರಣಕ್ಕೆ ಅಂತಹ ಚಿತ್ರವನ್ನು ಅಳಿಸುವವರು ಅಕ್ಷರ ಓದಲು ಬರುತ್ತದೆಯೇ ಎಂದು ಒಮ್ಮೆ ಹಿಗ್ಗಿಸಿ ನೋಡುವುದೊಳಿತು.

ಹಾಗೆಂದು ಎಲ್ಲವನ್ನೂ ನಕ್ಷೆಯಲ್ಲೇ ಬಿಟ್ಟು ನಿಶ್ಚಿಂತರಾಗಿರುವುದೂ ಜಾಣತನವಲ್ಲ. ಸ್ಥಳಗಳ ಚಿತ್ರಗಳಿಗೆಂದೇ ಇದ್ದ ‘ಪನೋರಮಿಯೋ’ ತಾಣವನ್ನು ಗೂಗಲ್ 2007ರಲ್ಲಿ ಕೊಂಡುಕೊಂಡಿತು, 2016ರಲ್ಲಿ ಮುಚ್ಚಿತು. ನಕ್ಷೆ ವ್ಯಾಪಾರಿ ಸಂಸ್ಥೆಯೊಂದರ ಸೊತ್ತು, ಊರಿನ ಗ್ರಂಥಭಂಡಾರವಲ್ಲ. ಆದುದರಿಂದ ಅಳಿಸುವ ಮುನ್ನ ‘ಟೇಕ್‌ಔಟ್’ ಸೌಲಭ್ಯದ ಮೂಲಕ ತಮ್ಮ ಚಿತ್ರಗಳನ್ನು ಮನೆಯ ಗಣಕಯಂತ್ರಕ್ಕೆ ಇಳಿಸಿಕೊಂಡು, ಕಡತದ ಹೆಸರಿನಲ್ಲಿಯೇ ಊರು, ವರ್ಷ ಬರೆದಿಡಬಹುದು. ಸ್ವತಃ ತೆಗೆದ, ಹಕ್ಕಿನ ತಕರಾರಿಲ್ಲದ ಚಿತ್ರವಾದರೆ ವಿಕಿಮೀಡಿಯಾ ಕಾಮನ್ಸ್‌ಗೂ ಸೇರಿಸಲು ಅವಕಾಶವಿದೆ. ಅಲ್ಲಿ ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ತೆಗೆದ ದಿನಾಂಕವನ್ನೂ ನಮೂದಿಸಬಹುದು. ಆ ಬಳಿಕ ನಕ್ಷೆಯ ಪುಟದಲ್ಲಿ ಇಂದಿನ ಮೇಲ್ಸೇತುವೆಯ ಚಿತ್ರವನ್ನಿರಿಸಿ, ಕಡಿದುಹೋದ ಗೋಳಿಮರವನ್ನೂ ಅದರಡಿಯ ಕನ್ನಡ ಹಲಗೆಯನ್ನೂ ಅಲ್ಲಿಂದ ಕೆಳಗಿಳಿಸಿದರೆ ನಷ್ಟವಿಲ್ಲ.